ರಾಜಹಂಸದ ಪ್ರೋಟಾನುಗಳು

ಡಿಸೆಂಬರ್‌ನಲ್ಲಿ ರಾತ್ರಿ ಏಳರ ಸುಮಾರಿಗೆ ವಿಜಯಪುರದ ಬೀದಿದೀಪಗಳನ್ನು ದಾಟಿ ಬಬಲೇಶ್ವರದ ಹೊಲಗಳ ಕಡೆಗೋ ತಿಕೋಟಾದ ದ್ರಾಕ್ಷಿ ತೋಟಗಳ ಕಡೆಗೋ ಹೋಗಿ ನಿಲ್ಲಿ. ಪೂರ್ವದಲ್ಲಿ ರೋಹಿಣಿಯ ಜೊತೆ ವೃಷಭ ಏರುತ್ತಿರುತ್ತದೆ, ವಾಯವ್ಯದಲ್ಲಿ ರಾಜಹಂಸ ನಕ್ಷತ್ರಪುಂಜ ಇಳಿಯುತ್ತಿರುತ್ತದೆ. ನಮ್ಮ ಆಕಾಶಗಂಗೆಯ ಅತಿಶಕ್ತಿಯ ಗಾಮಾ ಕಿರಣಗಳ ಮಾತು ಬಂದರೆ ಹೆಚ್ಚಿನವರು ವೃಷಭದ ಕಡೆ ಬೊಟ್ಟು ಮಾಡುತ್ತಾರೆ. ನನ್ನ ಮನಸ್ಸು ರಾಜಹಂಸದ ಕಡೆಗೆ.

ವೃಷಭದ ಕೊಂಬಿನ ತುದಿಯ ಬಳಿ ಏಡಿ ನೀಹಾರಿಕೆ ಇದೆ. 1054ರಲ್ಲಿ ಚೀನಾದವರು ಕಂಡು ಬರೆದಿಟ್ಟ ಸೂಪರ್‌ನೋವಾದ ಅವಶೇಷ ಅದು. ನಡುರಾತ್ರಿ ನಮ್ಮ ನೆತ್ತಿಗಿಂತ ಐದೇ ಡಿಗ್ರಿ ಉತ್ತರಕ್ಕೆ ಬರುತ್ತದೆ. ಕಣ್ಣಿಗೆ ಕಾಣುವ ಬೆಳಕಿನ ಒಂದು ಕಣಕ್ಕೆ ಎರಡು ಮೂರು ಎಲೆಕ್ಟ್ರಾನ್ ವೋಲ್ಟ್ ಶಕ್ತಿ. ಇಲ್ಲಿಂದ ಬರುವ ಗಾಮಾ ಕಣಗಳಿಗೆ ಲಕ್ಷ ಕೋಟಿ ಎಲೆಕ್ಟ್ರಾನ್ ವೋಲ್ಟ್‌ಗೂ ಮಿಕ್ಕಿದ ಶಕ್ತಿ. ಅಮೆರಿಕದ ವಿಪಲ್ ದೂರದರ್ಶಕ 1989ರಲ್ಲಿ ಇದನ್ನು ಖಚಿತಪಡಿಸಿತು. ಈ ಕಿರಣಗಳು ನೆಲ ಮುಟ್ಟುವುದಿಲ್ಲ. ಮೇಲಿನ ಗಾಳಿಗೆ ಬಡಿದು ಕಣಗಳ ಸುರಿಮಳೆಯಾಗುತ್ತವೆ. ಗಾಳಿಯೊಳಗೆ ಬೆಳಕು ಸಾಗುವುದಕ್ಕಿಂತ ಜೋರಾಗಿ ಓಡುವ ಆ ಕಣಗಳು ಕೆಲವೇ ನ್ಯಾನೊಸೆಕೆಂಡು ನೀಲಿ ಚೆರೆಂಕೋವ್ ಬೆಳಕು ಚೆಲ್ಲುತ್ತವೆ. ಅದನ್ನು ಹಿಡಿಯಲೆಂದೇ ಲಡಾಖಿನ ಹಾನ್ಲೆಯಲ್ಲಿ ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆ ಮತ್ತು ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆ ಸೇರಿ ಹಗರ್ ದೂರದರ್ಶಕಗಳನ್ನು ನಿಲ್ಲಿಸಿದವು. 2024ರ ಅಕ್ಟೋಬರ್‌ನಲ್ಲಿ ಅಲ್ಲೇ ಉದ್ಘಾಟನೆಯಾದ ಮೇಸ್ ದೂರದರ್ಶಕದ ಕನ್ನಡಿಯ ಅಗಲ 21 ಮೀಟರ್.

ಆದರೆ ನಿಜವಾದ ಹುಡುಕಾಟ ಬಾಹ್ಯಾಕಾಶದಿಂದ ಬರುವ ಅತಿಶಕ್ತಿಯ ಕಣಗಳಾದ ವಿಶ್ವಕಿರಣಗಳ ಹುಟ್ಟೂರಿಗಾಗಿ. ಅವು ಬಹುಪಾಲು ಪ್ರೋಟಾನುಗಳು. ಆಕಾಶಗಂಗೆಯ ಕಾಂತಕ್ಷೇತ್ರದಲ್ಲಿ ಸುತ್ತಿ ಸುತ್ತಿ ಬಂದ ದಿಕ್ಕನ್ನೇ ಕಳೆದುಕೊಂಡಿರುತ್ತವೆ. ಗಾಮಾ ಕಿರಣ ನೇರ ಬರುತ್ತದೆ. ತೊಡಕೆಂದರೆ ಅದು ಎರಡು ಬಗೆಯಲ್ಲಿ ಹುಟ್ಟಬಹುದು: ವೇಗದ ಎಲೆಕ್ಟ್ರಾನು ಸಾಧಾರಣ ಬೆಳಕನ್ನು ಗುದ್ದಿ ಅದರ ಶಕ್ತಿ ಏರಿಸಬಹುದು, ಇಲ್ಲವೇ ಪ್ರೋಟಾನು ಅನಿಲಕ್ಕೆ ಡಿಕ್ಕಿಯಾಗಿ ಹುಟ್ಟಿದ ಪಯಾನ್ ಎಂಬ ಕಣ ಒಡೆದು ಎರಡು ಗಾಮಾ ಕಣಗಳಾಗಬಹುದು. ಏಡಿಯ ಗಾಮಾ ಕಿರಣಗಳಿಗೆ ಬಹುಮಟ್ಟಿಗೆ ಎಲೆಕ್ಟ್ರಾನುಗಳೇ ಸಾಕು. ಎಷ್ಟೇ ಪ್ರಖರವಾಗಿದ್ದರೂ ಪ್ರೋಟಾನಿನ ವಿಷಯದಲ್ಲಿ ಅದರ ಸಾಕ್ಷ್ಯ ದುರ್ಬಲ.

ರಾಜಹಂಸ ಹಾಗಲ್ಲ. ಚೀನಾದ ಲಾಸೊ ವೀಕ್ಷಣಾಲಯ 2021ರಲ್ಲಿ ಆ ದಿಕ್ಕಿನಿಂದ 1,400 ಲಕ್ಷ ಕೋಟಿ ಎಲೆಕ್ಟ್ರಾನ್ ವೋಲ್ಟಿನ ಗಾಮಾ ಕಣವೊಂದನ್ನು ವರದಿ ಮಾಡಿತು. 2024ರಲ್ಲಿ ಅಲ್ಲೊಂದು ಭಾರೀ ಗಾಮಾ ಗುಳ್ಳೆಯನ್ನೇ ಗುರುತಿಸಿತು. ಅನಿಲ ದಟ್ಟವಾಗಿರುವ ಕಡೆ ಗಾಮಾ ಕೂಡ ಹೆಚ್ಚು. ಇದು ಪ್ರೋಟಾನಿನ ಹೆಜ್ಜೆಗುರುತು. ಅಲ್ಲಿರುವುದು ಸುಮಾರು 5,000 ಜ್ಯೋತಿರ್ವರ್ಷ ದೂರದ, ದೈತ್ಯ ಎಳೆಯ ನಕ್ಷತ್ರಗಳ ಗುಂಪು. ಪ್ರೋಟಾನುಗಳಿಗೆ ಇಷ್ಟು ಶಕ್ತಿ ತುಂಬುವ ಕೀರ್ತಿಯನ್ನು ಸಾಯುವ ನಕ್ಷತ್ರಗಳ ಸ್ಫೋಟಕ್ಕಷ್ಟೇ ಕೊಡುತ್ತಿದ್ದೆವು. ಬದುಕಿರುವ ನಕ್ಷತ್ರಗಳ ಬಿರುಗಾಳಿಗೂ ಅದರಲ್ಲಿ ಪಾಲಿದೆ ಎಂಬುದು ನನಗೆ ಬಲು ಹಿಡಿಸಿದ ವಿಚಾರ.

ತೀರ್ಪು ಕೊಡಬಲ್ಲದ್ದು ನ್ಯೂಟ್ರಿನೊ ಎಂಬ ಕಣ. ಪ್ರೋಟಾನಿನ ಡಿಕ್ಕಿಯಲ್ಲಿ ಅದೂ ಹುಟ್ಟುತ್ತದೆ, ಎಲೆಕ್ಟ್ರಾನಿನ ಗುದ್ದಿನಲ್ಲಿ ಹುಟ್ಟುವುದಿಲ್ಲ. ವಿಶ್ವಕಿರಣಗಳು ನಮ್ಮ ವಾತಾವರಣದಲ್ಲಿ ಹುಟ್ಟಿಸುವ ನ್ಯೂಟ್ರಿನೊಗಳ ಸುಳಿವು 1965ರಲ್ಲಿ ಸಿಕ್ಕಿದ್ದು ನಮ್ಮ ಕೋಲಾರದ ಚಿನ್ನದ ಗಣಿಯಾಳದಲ್ಲಿ. ಆ ತಂಡದಲ್ಲಿ ನಂಜನಗೂಡಿನ ಬಿ.ವಿ. ಶ್ರೀಕಂಠನ್ ಇದ್ದರು. ದಕ್ಷಿಣ ಧ್ರುವದ ಐಸ್‌ಕ್ಯೂಬ್ ವೀಕ್ಷಣಾಲಯ 2023ರಲ್ಲಿ ಆಕಾಶಗಂಗೆಯ ಪಟ್ಟಿಯಿಂದಲೇ ಬರುವ ನ್ಯೂಟ್ರಿನೊಗಳನ್ನು ಕಂಡದ್ದಾಗಿ ಪ್ರಕಟಿಸಿತು. ಆ ಪಟ್ಟಿಯಲ್ಲಿ ರಾಜಹಂಸದ ಪಾಲೆಷ್ಟು ಎಂಬುದನ್ನು ಇನ್ನೂ ಬಿಡಿಸಿ ತೋರಿಸಬೇಕಿದೆ.