ಅರ ಹಿಡಿಯುವ ಮುನ್ನ

ಹೊಸ ಪಿಸ್ತೂಲು ಕೈಗೆ ಬಂದ ವಾರದೊಳಗೇ ಅದನ್ನು ಬಿಚ್ಚಿಸುವ ಅಭ್ಯಾಸ ನಮ್ಮ ಶೂಟರ್‌ಗಳಲ್ಲಿ ಬೇರೂರುತ್ತಿದೆ. ಆಸ್ಟ್ರಿಯಾದ ಸ್ಟೇಯರ್ ಇರಲಿ, ಸ್ವಿಟ್ಜರ್ಲೆಂಡಿನ ಮೋರಿನಿ ಇರಲಿ, ಇಟಲಿಯ ಪಾರ್ದಿನಿ, ಜರ್ಮನಿಯ ವಾಲ್ಟರ್ ಇರಲಿ, ದೇವನಹಳ್ಳಿಯ ವಿಮಾನ ನಿಲ್ದಾಣದಲ್ಲಿ ಕಸ್ಟಮ್ಸ್ ಮುಗಿಸಿ ಮನೆ ಸೇರಿದ ಮೇಲೆ ಕೇಳಿಬರುವ ಮೊದಲ ಪ್ರಶ್ನೆ ಒಂದೇ: “ಸಾರ್, ಇದನ್ನ ಯಾರ ಹತ್ರ ಟ್ಯೂನ್ ಮಾಡಿಸ್ಲಿ?” ದೊಡ್ಡಬಳ್ಳಾಪುರ, ಹೊಸಕೋಟೆ, ನೆಲಮಂಗಲದ ಕಡೆಯಿಂದ ಬೆಂಗಳೂರಿನ ರೇಂಜುಗಳಿಗೆ ಓಡಾಡುವ ಮಕ್ಕಳೂ ಇದನ್ನೇ ಕೇಳುತ್ತಾರೆ. ಹಿರಿಯರ ಬಳಿ ಸಿದ್ಧ ಉತ್ತರವೂ ಇದೆ: “ಮೊದ್ಲು ಐನೂರು ಹೊಡಿ, ಆಮೇಲೆ ನೋಡೋಣ.” ಈ ಉತ್ತರ ಸರಿ ಎಂದೇ ನನ್ನ ಅಭಿಪ್ರಾಯ. ಆದರೆ ಅದಕ್ಕೆ ಕೊಡುವ ಕಾರಣಗಳಲ್ಲಿ ಹೆಚ್ಚಿನವು ನಿಲ್ಲುವುದಿಲ್ಲ. ಕಾರಣ ಪೊಳ್ಳು ಎಂದು ಕಂಡುಕೊಂಡ ಚುರುಕು ಹುಡುಗರು ಉತ್ತರವನ್ನೂ ಪೊಳ್ಳೆಂದು ಬಗೆದು ನೇರ ಅರ ಹಿಡಿದವರ ಮನೆಗೆ ಹೋಗುತ್ತಾರೆ. ಹಾಗಾಗಿ ಕಾರಣಗಳನ್ನು ಒಮ್ಮೆ ಜಾಲಾಡಬೇಕಾಗಿದೆ.

ಹೆಚ್ಚಾಗಿ ಹೇಳುವ ಮಾತು ಇದು: ಹೊಸ ಬೈಕನ್ನು ಮೊದಲ ಸರ್ವೀಸಿನ ತನಕ ಹದವಾಗಿ ಓಡಿಸುವಂತೆ ಪಿಸ್ತೂಲನ್ನೂ ಪಳಗಿಸಬೇಕು, ಒಳಗಿನ ಲೋಹ ಒಂದಕ್ಕೊಂದು ಉಜ್ಜಿ ನಯವಾಗಬೇಕು. ಏರ್ ಪಿಸ್ತೂಲಿನ ಮಟ್ಟಿಗೆ ಈ ಹೋಲಿಕೆ ಬಹುಪಾಲು ಸಲ್ಲದು. ಅದರ ಬ್ಯಾರಲ್ ಉಕ್ಕಿನದು; ಅದರಲ್ಲಿ ಹಾಯುವ 4.5 ಮಿ.ಮೀ. ಪೆಲೆಟ್ ಅರ್ಧ ಗ್ರಾಮಿನಷ್ಟು ಮೆತ್ತನೆಯ ಸೀಸ. ಮದ್ದಿಲ್ಲ, ಬೆಂಕಿಯಿಲ್ಲ, ವೇಗ ಸೆಕೆಂಡಿಗೆ 150 ಮೀಟರಿನ ಆಸುಪಾಸು. ಐನೂರಲ್ಲ, ಐದು ಸಾವಿರ ಹೊಡೆದರೂ ಆ ಉಕ್ಕು ಸವೆದು ನಯವಾಗುವುದಿಲ್ಲ. ಒಂದು ಹೊಡೆ, ಒಂದು ಸಲ ಒರೆಸು ಎಂಬ ವ್ರತ ತಾಮ್ರದ ಕವಚದ ಗುಂಡು ಹಾರಿಸುವ ದೊಡ್ಡ ರೈಫಲುಗಳದು; ಅಲ್ಲೂ ಅದರ ಬಗ್ಗೆ ಒಮ್ಮತವಿಲ್ಲ. ಮೋರಿನಿಯಂಥ ಎಲೆಕ್ಟ್ರಾನಿಕ್ ಟ್ರಿಗರಿನ ಪಿಸ್ತೂಲಿನಲ್ಲಂತೂ ಬೆರಳು ಒತ್ತುವುದು ಒಂದು ಸ್ವಿಚ್ಚನ್ನು. ಅಲ್ಲಿ ಉಜ್ಜಿ ನಯವಾಗಲು ಏನಿದೆ?

ಜೊತೆಗೆ ಹೊಸ ಪಿಸ್ತೂಲು ಟ್ಯೂನ್ ಆಗದೆ ಬಂದಿರುತ್ತದೆ ಎಂಬ ಊಹೆಯೇ ತಪ್ಪು. ಕಾರ್ಖಾನೆಯವರು ಅದನ್ನು ವೈಸ್‌ನಲ್ಲಿ ಬಿಗಿದು ಹೊಡೆದು ನೋಡಿ, ಆ ಕಾರ್ಡನ್ನೂ ಪೆಟ್ಟಿಗೆಯಲ್ಲಿಟ್ಟು ಕಳಿಸಿರುತ್ತಾರೆ. ಪೆಲೆಟ್ಟುಗಳು ಒಂದರ ಮೇಲೊಂದು ಬಿದ್ದು, ಅಂಚು ಸ್ವಲ್ಪ ಹರಿದ ಒಂದೇ ತೂತಿನಂತೆ ಕಾಣುವ ಕಾರ್ಡು ಅದು. ಹತ್ತು ಮೀಟರ್ ಗುರಿಯಲ್ಲಿ ಹತ್ತರ ವೃತ್ತದ ವ್ಯಾಸ 11.5 ಮಿ.ಮೀ. ಆ ತೂತನ್ನು ವೃತ್ತದ ಮೇಲಿಟ್ಟು ನೋಡಿದರೆ ಸುತ್ತಲೂ ಜಾಗ ಉಳಿಯುತ್ತದೆ. ಎಂಟಕ್ಕೂ ಏಳಕ್ಕೂ ಹೋಗುತ್ತಿರುವ ಪೆಲೆಟ್ಟು ಎಲ್ಲಿಂದ ಹೋಗುತ್ತಿದೆ ಎಂಬುದಕ್ಕೆ ಇದಕ್ಕಿಂತ ನೇರವಾದ ಸಾಕ್ಷಿ ಬೇಕಿಲ್ಲ. ಆದರೂ ಬಹಳ ಮಂದಿ ಆ ಕಾರ್ಡನ್ನು ಎರಡನೇ ಸಲ ನೋಡುವುದಿಲ್ಲ.

ಹಾಗಾದರೆ ಕಾಯುವುದೇಕೆ?

ಮೊದಲ ಕಾರಣ ನಿಯಮದಲ್ಲೇ ಇದೆ. ಅಂತರರಾಷ್ಟ್ರೀಯ ಶೂಟಿಂಗ್ ಒಕ್ಕೂಟದ (ಐಎಸ್‌ಎಸ್‌ಎಫ್) ನಿಯಮದಂತೆ ಹತ್ತು ಮೀಟರ್ ಏರ್ ಪಿಸ್ತೂಲಿನ ಟ್ರಿಗರ್ ಕನಿಷ್ಠ 500 ಗ್ರಾಂ ತೂಕ ಹೊರಬೇಕು. 25 ಮೀಟರ್ ಪಿಸ್ತೂಲಿನದು 1000 ಗ್ರಾಂ. ಬ್ಯಾರಲ್ ನೆಟ್ಟಗೆ ಮೇಲ್ಮುಖ ಮಾಡಿ, ಟ್ರಿಗರಿಗೆ ತೂಕದ ಬಟ್ಟು ಕೊಕ್ಕೆ ಹಾಕಿ ಎತ್ತುತ್ತಾರೆ. ಬಟ್ಟು ನೆಲ ಬಿಡಬೇಕು, ಟ್ರಿಗರ್ ಬಿಟ್ಟುಕೊಳ್ಳಬಾರದು. ಸ್ಪರ್ಧೆಗೆ ಮುಂಚೆ ಪಾಸಾದರೆ ಮುಗಿಯಲಿಲ್ಲ; ಕೊನೆಯ ಗುಂಡು ಹೊಡೆದ ಮೇಲೂ ಚೀಟಿ ಎತ್ತಿ ಕೆಲವರನ್ನು ಕರೆದು ಮತ್ತೆ ಅಳೆಯುತ್ತಾರೆ, ಅಲ್ಲಿ ಕಡಿಮೆ ಬಂದರೆ ಅರವತ್ತು ಗುಂಡಿನ ಶ್ರಮವೂ ನೀರುಪಾಲು. ಹೊಸ ಸ್ಪ್ರಿಂಗು ಮೊದಲ ಕೆಲವು ನೂರು ಎಳೆತಗಳಲ್ಲಿ ಚೂರು ಕೂರುತ್ತದೆ. ಕಾರ್ಖಾನೆಯ ಗ್ರೀಸು ಹರಡಿ ತೆಳುವಾಗುತ್ತದೆ. ತೂಕ ಕೆಲವು ಗ್ರಾಂ ಅತ್ತಿತ್ತ ಆಗುತ್ತದೆ. ಇದೆಲ್ಲ ನಿಲ್ಲುವ ಮೊದಲೇ ಕೂದಲೆಳೆಯಂತೆ 500ಕ್ಕೆ ಕೂರಿಸಿದ ಟ್ರಿಗರ್ ಎರಡು ತಿಂಗಳಲ್ಲಿ 490ಕ್ಕೆ ಇಳಿದಿರಬಹುದು. ಏರ್ ಪಿಸ್ತೂಲಿನಲ್ಲಿ ನಿಜವಾಗಿ ‘ಪಳಗುವ’ ಲೋಹ ಎಂದರೆ ಇಷ್ಟೇ, ಈ ಸ್ಪ್ರಿಂಗುಗಳು. ಇದರೊಂದಿಗೆ ಸಿಲಿಂಡರಿನ 200 ಬಾರ್ ಗಾಳಿಯನ್ನು ತಗ್ಗಿಸಿಕೊಡುವ ರೆಗ್ಯುಲೇಟರಿನ ಸೀಲುಗಳನ್ನೂ ಸೇರಿಸಬಹುದು. ಅವು ಕೂರುವ ತನಕ ಪೆಲೆಟ್ಟಿನ ವೇಗ ಒಂದೇ ಸಮ ಇರದಿದ್ದರೆ ಅಚ್ಚರಿಯಿಲ್ಲ. ವೇಗ ಅಳೆಯುವ ಕ್ರೋನೋಗ್ರಾಫ್ ಇದ್ದವರು ಮೊದಲ ದಿನ ಹತ್ತು ಗುಂಡು, ತಿಂಗಳ ನಂತರ ಹತ್ತು ಗುಂಡು ಅಳೆದು ಬರೆದಿಟ್ಟುಕೊಳ್ಳಲಿ.

ಎರಡನೆಯ ಕಾರಣ ಇನ್ನೂ ಗಟ್ಟಿಯಾದದ್ದು, ಅದು ನಮ್ಮ ಊರುಗಳಿಗೇ ಸೇರಿದ್ದು. ತೆಗೆದ ಲೋಹ ಮತ್ತೆ ಬರುವುದಿಲ್ಲ. ಸಿಯರ್ ಎಂಬ ಚಿಕ್ಕ ಉಕ್ಕಿನ ಮೂಲೆಯ ಮೇಲೆ ಇಡೀ ಟ್ರಿಗರ್ ನಿಂತಿದೆ. ಅದರ ಮೇಲ್ಮೈಗೆ ಶಾಖ ಕೊಟ್ಟು ಗಡಸು ಮಾಡಿರುತ್ತಾರೆ. ಹಲವು ಬಿಡಿಭಾಗಗಳಲ್ಲಿ ಆ ಗಡಸು ಪದರ ಬಹಳ ತೆಳು. ಕಲ್ಲು ಹಾಕಿ ಹೆಚ್ಚಿಗೆ ಉಜ್ಜಿದರೆ ಪದರ ಹೋಗಿ ಒಳಗಿನ ಮೆತ್ತನೆಯ ಉಕ್ಕು ಹೊರಬರುತ್ತದೆ. ಆ ದಿನ ಟ್ರಿಗರ್ ಬೆಣ್ಣೆಯಂತಿರುತ್ತದೆ, ಟ್ಯೂನ್ ಮಾಡಿದವರಿಗೆ ಹೊಗಳಿಕೆ ಸಿಗುತ್ತದೆ. ಆಮೇಲೆ ಅದು ದಿನದಿನಕ್ಕೆ ಸವೆಯುತ್ತ ಹೋಗುತ್ತದೆ. ಜರ್ಮನಿಯಲ್ಲಾದರೆ ಹೊಸ ಸಿಯರನ್ನು ಅಂಚೆಯಲ್ಲಿ ತರಿಸಿಕೊಳ್ಳಬಹುದು. ನಮ್ಮಲ್ಲಿ ಒಂದು ಬಿಡಿಭಾಗ ಹೊರಗಿನಿಂದ ಬರಬೇಕಾದರೆ ಕಾಗದಪತ್ರ, ಸುಂಕ, ತಿಂಗಳುಗಟ್ಟಲೆ ಕಾಯುವುದು. ಅಷ್ಟರಲ್ಲಿ ರಾಜ್ಯ ಚಾಂಪಿಯನ್‌ಶಿಪ್ ಮುಗಿದಿರುತ್ತದೆ.

ದೊಡ್ಡಬಳ್ಳಾಪುರದಲ್ಲಿ ಮಗ್ಗ ನಿಂತು ಖಾಲಿಬಿದ್ದ ಒಂದು ಶೆಡ್ಡಿನಲ್ಲಿ ಹತ್ತು ಮೀಟರ್ ಲೇನ್ ಮಾಡಿಕೊಂಡು ಅಭ್ಯಾಸ ಮಾಡುವ ಹುಡುಗಿಯ ಪಿಸ್ತೂಲನ್ನು ನಾನು ಕೈಯಾರೆ ನೋಡಿದ್ದೇನೆ. ಅಪ್ಪ ದ್ರಾಕ್ಷಿ ಬೆಳೆಯ ಹಣ ಕೂಡಿಟ್ಟು ಕೊಡಿಸಿದ್ದು, ಎರಡು ಲಕ್ಷದ ಹತ್ತಿರದ್ದು. ಕೊಂಡ ಹೊಸತರಲ್ಲೇ ಯಾರೋ ‘ಲೈಟ್ ಮಾಡಿ’ ಕೊಟ್ಟಿದ್ದರು. ಐನೂರು ಗ್ರಾಮಿನ ಬಟ್ಟು ಕೊಕ್ಕೆ ಹಾಕಿ ಎತ್ತಿದೆವು. ಬಟ್ಟು ಮೇಜು ಬಿಡುವ ಮೊದಲೇ ಟಕ್ಕನೆ ಬಿಟ್ಟುಕೊಂಡಿತು. ನಿಯಮ ಕೊಡುವ ಮೂರು ಅವಕಾಶಗಳಲ್ಲೂ ಅದೇ. ಗ್ರಿಪ್ ತೆಗೆದು ಭೂತಗನ್ನಡಿ ಹಿಡಿದಾಗ ಸಿಯರಿನ ಅಂಚಿನ ಒಂದು ಬದಿ ಮಾತ್ರ ದುಂಡಗೆ ಹೊಳೆಯುತ್ತಿತ್ತು, ಇನ್ನೊಂದು ಬದಿ ಮಂಕಾಗಿ ಚೂಪಾಗಿಯೇ ಇತ್ತು. ಅಂದರೆ ಕಲ್ಲನ್ನು ಓರೆಯಾಗಿ ಹಿಡಿದಿದ್ದರು. ಆ ಮಗು ಕೇಳಿದ್ದು ಒಂದೇ ಮಾತು: “ಸಾರ್, ಮೊದಲು ಹೆಂಗಿತ್ತು ಅಂತ ನಂಗೆ ನೆನಪೇ ಇಲ್ಲ. ಚೆನ್ನಾಗಿತ್ತಾ?” ಅವಳು ಅದರಲ್ಲಿ ಒಂದು ಡಬ್ಬಿ ಪೆಲೆಟ್ಟನ್ನೂ ಪೂರ್ತಿ ಹೊಡೆದಿರಲಿಲ್ಲ. ಮೊದಲು ಹೇಗಿತ್ತು ಎಂಬುದು ಗೊತ್ತಿಲ್ಲದವರು ಈಗ ಉತ್ತಮವಾಯಿತೋ ಕೆಟ್ಟಿತೋ ಹೇಗೆ ಹೇಳುತ್ತಾರೆ? ಕಾಯಬೇಕು ಎಂಬ ಸಲಹೆಯ ಜೀವ ಇರುವುದು ಇಲ್ಲಿ. ಪಳಗಬೇಕಾದದ್ದು ಪಿಸ್ತೂಲಿಗಿಂತ ಹೆಚ್ಚಾಗಿ ಅದರ ಬಗ್ಗೆ ನಮಗಿರುವ ತಿಳಿವಳಿಕೆ. ಅದಿಲ್ಲದೆ ಮಾಡಿಸಿದ ಟ್ಯೂನಿಂಗ್ ಟ್ಯೂನ್ ಮಾಡಿದವರ ಬೆರಳಿಗೆ ಒಪ್ಪುತ್ತದೆ, ಹೊಡೆಯುವವರದಕ್ಕಲ್ಲ.

25 ಮೀಟರಿಗೆ ಬಳಸುವ ಪಾಯಿಂಟ್ 22 ಪಿಸ್ತೂಲಿನ ಕಥೆ ಬೇರೆ. ಅಲ್ಲಿ ಹಿರಿಯರ ಮಾತಿಗೆ ಲೋಹದ ಆಧಾರವೂ ಇದೆ. ಗುಂಡಿನ ಹಿನ್ನೂಕಿನಿಂದಲೇ ಹಿಂದೆ ಸರಿದು, ಖಾಲಿ ಕೇಸನ್ನು ಹೊರಗೆಸೆದು, ಹೊಸದನ್ನು ಒಳಗೆ ತಳ್ಳುವ ಯಂತ್ರ ಅದು. ಸ್ಟ್ಯಾಂಡರ್ಡ್ ವೆಲಾಸಿಟಿ ಗುಂಡಿನ ಶಕ್ತಿ ಕಡಿಮೆ, ಹೊಸ ಸ್ಪ್ರಿಂಗ್ ಬಿಗಿ, ಮ್ಯಾಗಜೀನಿನ ತುಟಿ ಇನ್ನೂ ಹದಕ್ಕೆ ಬಂದಿಲ್ಲ. ಆರಂಭದಲ್ಲಿ ಜಾಮ್ ಆಗುವುದು ಸಹಜ. ಇಲ್ಲೂ ಬ್ಯಾರಲ್ ಸವೆದು ನಯವಾಗುವುದಿಲ್ಲ, ಆದರೆ ಗುಂಡಿನ ಮೇಣ ಒಳಗೆ ಒಂದು ಹದಕ್ಕೆ ಹರಡಿಕೊಳ್ಳಬೇಕು. ಬ್ರ್ಯಾಂಡ್ ಬದಲಿಸಿದಾಗಲೆಲ್ಲ ಮೊದಲ ಕೆಲವು ಹತ್ತು ಗುಂಡು ಅಲೆದಾಡುವುದು ಇದಕ್ಕೇ. ಆರಂಭದ ಜಾಮ್‌ಗಳನ್ನು ನೋಡಿ ಕೂಡಲೇ ಸ್ಪ್ರಿಂಗ್ ಕತ್ತರಿಸಿದರೆ, ಮುಂದೆ ಎಲ್ಲ ಸಡಿಲವಾದಾಗ ಸ್ಲೈಡು ಹಿಂದಕ್ಕೆ ಬಡಿದು ಪಿಸ್ತೂಲೇ ಜಖಂ ಆಗಬಹುದು. 25 ಮೀಟರ್ ಸ್ಪರ್ಧೆಯಲ್ಲಿ ಒಪ್ಪತಕ್ಕ ಮಾಲ್‌ಫಂಕ್ಷನ್ ಎಂದು ಕೈ ಎತ್ತುವ ಅವಕಾಶ ಮಿತವಾದದ್ದು. ಆದ್ದರಿಂದ ಯಾವ ಮ್ಯಾಗಜೀನಿನಲ್ಲಿ, ಯಾವ ಗುಂಡಿನಲ್ಲಿ, ಎಷ್ಟನೆಯ ಹೊಡೆತದಲ್ಲಿ ಜಾಮ್ ಆಯಿತು ಎಂಬ ಬರಹ ಇಲ್ಲಿ ಚಿನ್ನದ ಬೆಲೆಯದು.

ಆದರೆ ‘ಐನೂರು, ಸಾವಿರ ಹೊಡಿ’ ಎಂಬ ಅಂಕಿ ಗುಂಡು ಅಗ್ಗವಾಗಿ ಸಿಗುವ ದೇಶಗಳಿಂದ ಎರವಲು ತಂದದ್ದು. ದೇವನಹಳ್ಳಿ, ದೊಡ್ಡಬಳ್ಳಾಪುರದ ನಮ್ಮ ಜಿಲ್ಲೆಯಲ್ಲಿ 1959ರ ಶಸ್ತ್ರಾಸ್ತ್ರ ಕಾಯ್ದೆಯಡಿ ಲೈಸೆನ್ಸಿಗಾಗಿ ಬೀರಸಂದ್ರದ ಜಿಲ್ಲಾಡಳಿತ ಭವನಕ್ಕೆ ಓಡಾಡಿ, ಮಂಜೂರಾದ ಮಿತಿಯೊಳಗೆ ಗುಂಡು ಕೊಳ್ಳುವವರಿಗೆ ಸಾವಿರವೆಂದರೆ ದೊಡ್ಡ ಪಾಲು. ಸುಮ್ಮನೆ ಸುಟ್ಟು ಮುಗಿಸುವ ಸಾವಿರಕ್ಕಿಂತ ಲೆಕ್ಕ ಇಟ್ಟು ಹೊಡೆದ ಇನ್ನೂರು ಮೇಲು. ಉಳಿದದ್ದನ್ನು ಡ್ರೈ ಫೈರಿನಲ್ಲಿ, ಅಂದರೆ ಗುಂಡಿಲ್ಲದೆ ಟ್ರಿಗರ್ ಎಳೆದು, ತುಂಬಿಕೊಳ್ಳಬಹುದು. ಏರ್ ಪಿಸ್ತೂಲುಗಳಲ್ಲಿ ಅದಕ್ಕೆಂದೇ ವ್ಯವಸ್ಥೆ ಇರುತ್ತದೆ. ಪಾಯಿಂಟ್ 22ರಲ್ಲಿ ತಯಾರಕರು ಹೇಳಿದ ಪ್ಲಗ್ ಹಾಕದೆ ಖಾಲಿ ಹೊಡೆದರೆ ಪಿನ್ನು ಚೇಂಬರಿನ ಅಂಚನ್ನು ತಿನ್ನುತ್ತದೆ.

ಕಾಯಬೇಕಿಲ್ಲದ ಕೆಲಸವೂ ಒಂದಿದೆ, ಅದು ಗ್ರಿಪ್. ವಿಚಿತ್ರವೆಂದರೆ ಟ್ರಿಗರಿಗೆ ಆತುರಪಡುವವರೇ ಗ್ರಿಪ್ಪನ್ನು ವರ್ಷಗಟ್ಟಲೆ ಹಾಗೇ ಬಿಟ್ಟಿರುತ್ತಾರೆ. ಕಾರ್ಖಾನೆಯ ಅಕ್ರೋಟ್ ಮರದ ಹಿಡಿ ಯಾವುದೋ ಸರಾಸರಿ ಅಂಗೈಗೆ ಕೊರೆದದ್ದು, ನಮ್ಮ ಹದಿನಾಲ್ಕರ ಹುಡುಗಿಯ ಅಂಗೈಗಲ್ಲ. ಹಿಡಿದು, ಕಣ್ಣು ಮುಚ್ಚಿ, ಕೈ ಎತ್ತಿ, ಕಣ್ಣು ತೆರೆದಾಗ ಮುಂದಿನ ಸೈಟ್ ಹಿಂದಿನ ಸೈಟಿನ ನಡುವೆ ತಾನಾಗಿ ಕೂತಿರಬೇಕು. ಕೂರದಿದ್ದರೆ ಮಣಿಕಟ್ಟು ಪ್ರತಿ ಗುಂಡಿಗೂ ತಿರುಚಿಕೊಂಡು ಅದನ್ನು ಸರಿಪಡಿಸುತ್ತಿರುತ್ತದೆ. ಆಗ ಟ್ರಿಗರ್ ಭಾರ ಎನಿಸುವುದು ಸಹಜ. ಎಷ್ಟೋ ಸಲ ಟ್ರಿಗರಿನ ಮೇಲಿನ ದೂರು ಅಂಗೈಯದೇ ಆಗಿರುತ್ತದೆ. ಅಂಗಡಿಯ ಎಂ-ಸೀಲ್ ಕಲಸಿ, ಅಂಗೈಗೂ ಗ್ರಿಪ್ಪಿಗೂ ನಡುವೆ ಟೊಳ್ಳಿರುವ ಕಡೆ ಮೆತ್ತಿ, ಪೌಡರು ಹಚ್ಚಿದ ತೆಳು ಕೈಗವಸು ತೊಟ್ಟು ಹಿಡಿದರೆ ಬೆರಳಿನ ಗೆರೆಗಳ ಸಮೇತ ಅಚ್ಚು ಮೂಡುತ್ತದೆ. ಗಟ್ಟಿಯಾದ ಮೇಲೆ ಉಪ್ಪುಕಾಗದದಿಂದ ತಿದ್ದಿಕೊಳ್ಳಬಹುದು. ಸರಿ ಬರದಿದ್ದರೆ ಕೆರೆದು ತೆಗೆದರಾಯಿತು, ಪಿಸ್ತೂಲಿಗೆ ಏನೂ ಆಗಿರುವುದಿಲ್ಲ. ಅಂಗೈ ಕೆಳಗಿನ ತಟ್ಟೆ ಮೇಲ್ಮುಖವಾಗಿ ಬಾಗಿ ಮಣಿಕಟ್ಟನ್ನು ತಬ್ಬದಂತೆ ಮಾತ್ರ ನೋಡಿಕೊಳ್ಳಬೇಕು. ನಿಯಮದ ಪ್ರಕಾರ ಅದರ ಕೋನ 90 ಡಿಗ್ರಿಗಿಂತ ಕಡಿಮೆ ಇರುವಂತಿಲ್ಲ.

ಈ ಆತುರ ಎಲ್ಲಿಂದ ಬರುತ್ತದೆ ಎಂಬುದೂ ನನಗೆ ಅರ್ಥವಾಗುತ್ತದೆ. ಕೆನಡಾದ ಕೆಲಸ ಬಿಟ್ಟು ಬಂದ ಬೆಂಗಳೂರಿನ ಪ್ರಕಾಶ್ ನಂಜಪ್ಪ 2014ರ ಗ್ಲಾಸ್ಗೋ ಕಾಮನ್‌ವೆಲ್ತ್ ಕ್ರೀಡಾಕೂಟದ ಏರ್ ಪಿಸ್ತೂಲಿನಲ್ಲಿ 198.2 ಅಂಕ ಗಳಿಸಿ ಬೆಳ್ಳಿ ಗೆದ್ದರು. ಚಿನ್ನ ಗೆದ್ದವರದು 199.5. ಬೆಂಗಳೂರಿನವರೇ ಆದ ದಿವ್ಯಾ ಟಿ.ಎಸ್. 2023ರಲ್ಲಿ ಬಾಕು ವಿಶ್ವಕಪ್ಪಿನ ಮಿಶ್ರ ತಂಡದಲ್ಲಿ ಸರಬ್‌ಜೋತ್ ಸಿಂಗ್ ಜೊತೆ ಸರ್ಬಿಯಾ ಜೋಡಿಯನ್ನು 16–14ರಿಂದ ಸೋಲಿಸಿ ಚಿನ್ನ ತಂದರು. ಇಷ್ಟು ಕಿರಿದಾದ ಅಂತರ ನೋಡಿದ ಮಕ್ಕಳಿಗೆ, ಪಾಲಕರಿಗೆ ಆ ಚೂರು ಅಂಕ ಲೋಹದಲ್ಲೇ ಎಲ್ಲೋ ಅಡಗಿದೆ, ಹಣ ಕೊಟ್ಟರೆ ಸಿಗುತ್ತದೆ ಎನಿಸುವುದು ಸಹಜ. ಆದರೆ ಟೋಕಿಯೊ ಒಲಿಂಪಿಕ್ಸ್‌ನಲ್ಲಿ, 2021ರ ಜುಲೈ 25ರಂದು, ಮನು ಭಾಕರ್ ಅವರ ಪಿಸ್ತೂಲು ಅರ್ಹತಾ ಸುತ್ತಿನ ನಡುವೆ ಕೈಕೊಟ್ಟು, ರಿಪೇರಿ ಮುಗಿಸಿ ಬರುವಷ್ಟರಲ್ಲಿ ಅಮೂಲ್ಯ ನಿಮಿಷಗಳು ಹೋಗಿ, 575 ಅಂಕದೊಂದಿಗೆ ಅವರು 12ನೇ ಸ್ಥಾನಕ್ಕೆ ನಿಂತದ್ದನ್ನೂ ನೆನೆಯಬೇಕು. ಸ್ಪರ್ಧೆಯ ದಿನ ಪಿಸ್ತೂಲಿನಿಂದ ಎಲ್ಲಕ್ಕಿಂತ ಮೊದಲು ಬೇಕಾದದ್ದು ನಂಬಿಕೆಗೆ ಅರ್ಹವಾಗಿರುವುದು. ಟ್ರಿಗರಿನ ನಯ ಆಮೇಲಿನದು.

ಇದರ ಇನ್ನೊಂದು ತುದಿಯನ್ನೂ ನಾನು ಒಪ್ಪುವುದಿಲ್ಲ. ‘ಇನ್ನೂ ಸೆಟ್ ಆಗಿಲ್ಲ’ ಎನ್ನುತ್ತ ಎರಡು ವರ್ಷ ಕಳೆಯುವವರಿದ್ದಾರೆ. ಪಿಸ್ತೂಲು ಪಳಗುತ್ತಿದೆ ಎಂಬುದು ಆಗ ಕೆಟ್ಟ ಅಂಕಕ್ಕೆ ನೆಪವಾಗುತ್ತದೆ. ಟ್ರಿಗರಿನ ಎರಡು ಹಂತಗಳ ನಡುವೆ ಭಾರ ಹೇಗೆ ಹಂಚಬೇಕು, ಎರಡನೇ ಹಂತದ ಗೋಡೆ ಬೆರಳಿಗೆ ಎಷ್ಟು ಸ್ಪಷ್ಟವಾಗಿ ತಾಗಬೇಕು, ಬಿಟ್ಟುಕೊಂಡ ಮೇಲೆ ಟ್ರಿಗರ್ ಎಲ್ಲಿ ನಿಲ್ಲಬೇಕು, ಇವೆಲ್ಲ ನಿಜವಾದ ಟ್ಯೂನಿಂಗ್. ಒಳ್ಳೆಯ ಪಿಸ್ತೂಲುಗಳಲ್ಲಿ ಇದರ ಬಹುಪಾಲು ತಯಾರಕರೇ ಕೊಟ್ಟ ಸ್ಕ್ರೂಗಳಿಂದ, ಅರ ಮುಟ್ಟದೆ ಆಗುತ್ತದೆ. ಒಂದು ಸಲಕ್ಕೆ ಒಂದೇ ಸ್ಕ್ರೂ, ಕಾಲು ಸುತ್ತು, ತಿರುಗಿಸುವ ಮುನ್ನ ಎಲ್ಲಿತ್ತು ಎಂಬ ಗುರುತು. ಕೊನೆಗೆ 500ರ ಮೇಲೆ ಹತ್ತಿಪ್ಪತ್ತು ಗ್ರಾಂ ಹೆಚ್ಚಿಗೆ ಇಟ್ಟುಕೊಂಡರೆ ಬಟ್ಟಿನ ಮುಂದೆ ಕೈ ನಡುಗುವುದಿಲ್ಲ.

ಸ್ಕ್ರೂಗಳಿಂದ ಆಗದ್ದು ಉಳಿದರೆ ಮಾತ್ರ ಆಯುಧ ರಿಪೇರಿ ಬಲ್ಲ ಆರ್ಮರರ್ ಬಳಿ ಹೋಗಿ. ಹೋಗುವಾಗ ಕಾರ್ಖಾನೆಯ ಕಾರ್ಡು, ಜಾಮ್‌ಗಳ ಲೆಕ್ಕ, ತಿಂಗಳ ಹಿಂದಿನ ಮತ್ತು ಇಂದಿನ ಟ್ರಿಗರ್ ತೂಕ, ಯಾವ ಪೆಲೆಟ್ ಬ್ಯಾಚಿನಲ್ಲಿ ಗುಂಪು ಎಷ್ಟಿತ್ತು ಎಂದು ಬರೆದಿಟ್ಟ ಪುಸ್ತಕ ಜೊತೆಗಿರಲಿ. ಬಲ್ಲ ಆರ್ಮರರ್ ಪಿಸ್ತೂಲು ಬಿಚ್ಚುವ ಮೊದಲು ಆ ಪುಸ್ತಕ ಬಿಚ್ಚುತ್ತಾರೆ, ನಿಮ್ಮನ್ನು ನಿಲ್ಲಿಸಿ ಹತ್ತು ಗುಂಡು ಹೊಡೆಸಿ ನೋಡುತ್ತಾರೆ, ತೆಗೆದ ಹಳೆಯ ಭಾಗವನ್ನು ಪೊಟ್ಟಣ ಕಟ್ಟಿ ವಾಪಸು ಕೊಡುತ್ತಾರೆ. “ಇಟ್ಟು ಹೋಗಿ, ಸಾಯಂಕಾಲ ಬನ್ನಿ” ಎಂದರೆ ಇಡದೆ ಬಂದುಬಿಡಿ.