ಗೋವಾದಿಂದ ಲಿಸ್ಬನ್‌ಗೆ ಎಷ್ಟು ದೂರ?

ಮಕ್ಕಳ ಮೇಜಿನ ಮೇಲಿನ ಗ್ಲೋಬ್ ತೆಗೆದುಕೊಳ್ಳಿ. ಗೋವಾದ ಮೇಲೆ ದಾರದ ಒಂದು ತುದಿ ಒತ್ತಿ ಹಿಡಿದು, ಇನ್ನೊಂದನ್ನು ಪೋರ್ಚುಗಲ್‌ನ ಲಿಸ್ಬನ್‌ಗೆ ಬಿಗಿಯಾಗಿ ಎಳೆಯಿರಿ. ದಾರ ಅರಬ್ಬಿ ಸಮುದ್ರ ದಾಟಿ ಇರಾನಿನ ದಕ್ಷಿಣ ಅಂಚು, ಇರಾಕ್, ಸಿರಿಯಾ, ಸೈಪ್ರಸ್‌ಗಳ ಮೇಲೆ ಹಾದು, ಅಥೆನ್ಸ್ ಪಕ್ಕದಲ್ಲೇ ಸಾಗುತ್ತದೆ. ಉದ್ದ ಸುಮಾರು 8,340 ಕಿ.ಮೀ. ಗಂಟೆಗೆ 850 ಕಿ.ಮೀ. ವೇಗದ ಜೆಟ್‌ಗೆ ಇದು ಹತ್ತು ಗಂಟೆಯ ಹಾದಿ. ವಿಮಾನಪ್ರಿಯರು ಮೊದಲು ಕಲಿಯಬೇಕಾದ್ದು ಈ ದಾರದ ಲೆಕ್ಕ. ಆದರೆ ವಿಮಾನ ಹಾರುವುದು ದಾರದ ಮೇಲಲ್ಲ, ದೇಶಗಳು ಕೊಡುವ ಅನುಮತಿಯ ಮೇಲೆ.

ಇದಕ್ಕೆ ಗೋವಾದ ದಾಬೋಲಿಮ್ ವಿಮಾನ ನಿಲ್ದಾಣಕ್ಕಿಂತ ಒಳ್ಳೆಯ ಸಾಕ್ಷಿ ಬೇರಿಲ್ಲ. 1950ರ ದಶಕದಲ್ಲಿ, ಪೋರ್ಚುಗೀಸರ ಆಳ್ವಿಕೆಯಲ್ಲಿದ್ದ ಗೋವಾದ ಮೇಲೆ ಭಾರತ ಆರ್ಥಿಕ ದಿಗ್ಬಂಧನ ಹೇರಿದಾಗ ಅವರು ಈ ನಿಲ್ದಾಣ ಕಟ್ಟಿ, ಟಿಎಐಪಿ ಎಂಬ ವಿಮಾನ ಸಂಸ್ಥೆಯನ್ನೂ ಶುರುಮಾಡಿದರು. ನೂರು ಕಿ.ಮೀ. ದೂರದ ಬೆಳಗಾವಿಯ ಸಾಂಬ್ರಾ ನಿಲ್ದಾಣ ಅವರಿಗೆ ಮುಚ್ಚಿದ ಬಾಗಿಲು. ಸುಮಾರು 1,270 ಕಿ.ಮೀ. ದೂರದ ಕರಾಚಿಯೇ ಹೊರಜಗತ್ತಿನ ದಾರಿ. ಅಂದಿನ ಡಿಸಿ-4ರ ವೇಗ ಗಂಟೆಗೆ ಸುಮಾರು 365 ಕಿ.ಮೀ. ನೇರವಾಗಿ ಹಾರಿದರೂ ಲಿಸ್ಬನ್‌ಗೆ ಸುಮಾರು 23 ಗಂಟೆ. ಎಣ್ಣೆ ತುಂಬಿಸಲು ಇಳಿಯುವ ಹೊತ್ತನ್ನು ಬೇರೆ ಸೇರಿಸಬೇಕು.

ಗೋವಾವನ್ನು ಸೇರಿಸಿಕೊಳ್ಳಲು ಭಾರತ ಸೇನೆ ಕಳಿಸಿದಾಗ, 1961ರ ಡಿಸೆಂಬರ್ 18ರಂದು, ಭಾರತೀಯ ವಾಯುಪಡೆಯ ಕ್ಯಾನ್‌ಬೆರಾ ಬಾಂಬರ್‌ಗಳು ದಾಬೋಲಿಮ್ ರನ್‌ವೇ ಮೇಲೆ ಬಾಂಬ್ ಸುರಿಸಿದವು. ಅಲ್ಲಿ ನಿಂತಿದ್ದ ಪೋರ್ಚುಗೀಸರ ಎರಡು ನಾಗರಿಕ ವಿಮಾನಗಳಿಗೆ ಪೆಟ್ಟಾಗಲಿಲ್ಲ. ಒಂದು ಸೂಪರ್ ಕಾನ್‌ಸ್ಟಲೇಶನ್, ಇನ್ನೊಂದು ಡಿಸಿ-4. ಅದೇ ರಾತ್ರಿ ಕತ್ತಲಲ್ಲಿ, ಹಾಳಾದ ರನ್‌ವೇಯಲ್ಲಿ ಉಳಿದಷ್ಟೇ ಜಾಗದಲ್ಲಿ ಓಡಿ, ಎರಡೂ ಮೇಲೆದ್ದು ಕರಾಚಿ ಸೇರಿದವು. ಯುದ್ಧದ ಸರಿತಪ್ಪು ಒತ್ತಟ್ಟಿಗಿರಲಿ, ಆ ಪೈಲಟ್‌ಗಳ ಕೈಚಳಕಕ್ಕೆ ನನ್ನ ನಮಸ್ಕಾರ.

ಅಂದು ಗೋವಾದ ವಿಮಾನಗಳಿಗೆ ಆಸರೆಯಾಗಿದ್ದ ಪಾಕಿಸ್ತಾನದ ಆಕಾಶ 2025ರ ಏಪ್ರಿಲ್‌ನಲ್ಲಿ ಭಾರತೀಯ ವಿಮಾನ ಸಂಸ್ಥೆಗಳಿಗೆ ಮುಚ್ಚಿತು. ದೆಹಲಿಯಿಂದ ಪಶ್ಚಿಮಕ್ಕೆ ಹೊರಟವು ಸುತ್ತು ಹಾಕಬೇಕಾಯಿತು. ಗೋವಾದಿಂದ ಹೊರಟರೆ ಮುಂದಿರುವುದು ತೆರೆದ ಸಮುದ್ರ, ಆ ಸುತ್ತಿನ ಗೋಜಿಲ್ಲ. ಹಾಗಿದ್ದರೂ ಗೋವಾ–ಲಿಸ್ಬನ್ ನೇರ ವಿಮಾನ ಇಂದಿಗೂ ಇಲ್ಲ.

ಗಾಳಿಯದ್ದೂ ಒಂದು ಪಾಲಿದೆ. ಚಳಿಗಾಲದಲ್ಲಿ ಪಶ್ಚಿಮದಿಂದ ಬೀಸುವ ಜೆಟ್ ಪ್ರವಾಹ ಯುರೋಪಿಗೆ ಹೋಗುವಾಗ ಎದುರಾಗುತ್ತದೆ, ಬರುವಾಗ ಬೆನ್ನು ತಳ್ಳುತ್ತದೆ. ಅದಕ್ಕೇ ಬರುವ ಪಯಣ ಬೇಗ ಮುಗಿಯುತ್ತದೆ. ಹತ್ತಿರದ ಊರಿಗಾದರೆ ನೆಲದ ಓಡಾಟವೇ ಹೊತ್ತು ತಿನ್ನುತ್ತದೆ. ಬೆಂಗಳೂರು–ಗೋವಾ ಐನೂರು ಕಿ.ಮೀ. ಒಳಗೇ, ಜೆಟ್ ವೇಗಕ್ಕೆ ಅರ್ಧ ಗಂಟೆ ಚಿಲ್ಲರೆ. ವೇಳಾಪಟ್ಟಿಯಲ್ಲಿ ಮಾತ್ರ ಒಂದೂಕಾಲು ಗಂಟೆ. ರನ್‌ವೇವರೆಗಿನ ನಡೆ, ಸರದಿ, ಏರಿಳಿತ ಎಲ್ಲವೂ ಅದರಲ್ಲಿ ಸೇರಿವೆ.

ಆದ್ದರಿಂದ ಟಿಕೆಟ್ ಕೊಳ್ಳುವಾಗ ಕಿಲೋಮೀಟರ್ ನೋಡಿ ಲೆಕ್ಕ ಹಾಕಬೇಡಿ. ಹೊರಡುವ ಹೊತ್ತು, ಇಳಿಯುವ ಹೊತ್ತು, ನಡುವೆ ಕಾಯುವ ಹೊತ್ತು ನೋಡಿ. ಗೋವಾಕ್ಕಾದರೆ ಇನ್ನೊಂದು ಮಾತು: ಅಲ್ಲಿನ ಎರಡು ನಿಲ್ದಾಣಗಳಲ್ಲಿ ವಿಮಾನ ಇಳಿಯುವುದು ದಾಬೋಲಿಮ್‌ನಲ್ಲೋ ಮೋಪಾದಲ್ಲೋ ಎಂದು ಮೊದಲೇ ಖಚಿತಪಡಿಸಿಕೊಳ್ಳಿ.