ಬರ್ಮಿಂಗ್‌ಹ್ಯಾಮಿನಲ್ಲಿ ಕಂಡ ಮೇಳಿಗೆ

ಇಂಗ್ಮಾರ್ ಬರ್ಗ್‌ಮನ್‌ನ ‘ದಿ ಸೆವೆಂತ್ ಸೀಲ್’ ಸಿನಿಮಾವನ್ನು ಒಂದು ಸಲವಾದರೂ ಅಡಿಬರಹ ತೆಗೆದು ನೋಡಬೇಕು. ಸ್ವೀಡಿಷ್ ಭಾಷೆಯ ಒಂದು ಪದವೂ ತಿಳಿಯದಿದ್ದರೆ ಇನ್ನೂ ಒಳ್ಳೆಯದು. ಮಾತು ಅರ್ಥವಾಗದಾಗ ಕಣ್ಣಿಗೆ ಕೆಲಸ ಹೆಚ್ಚುತ್ತದೆ. ಕಡಲ ತೀರದಲ್ಲಿ ಕಪ್ಪು ನಿಲುವಂಗಿ ತೊಟ್ಟು ನಿಂತ ಸಾವು, ಅದರೆದುರು ಚದುರಂಗದ ಹಾಸು ಹರಡುವ ಯೋಧ, ತಮ್ಮನ್ನೇ ಚಾಟಿಯಿಂದ ಹೊಡೆದುಕೊಳ್ಳುತ್ತಾ ಹೊಗೆಯ ನಡುವೆ ಸಾಗಿ ಬರುವ ಭಕ್ತರ ಸಾಲು. ಇವಕ್ಕೆ ಯಾವ ಅನುವಾದವೂ ಬೇಕಿಲ್ಲ.

ಹಾಗೆ ನೋಡಿದವರಲ್ಲಿ ನಮ್ಮ ಮೈಸೂರಿನ ವಿದ್ಯಾರ್ಥಿಯೊಬ್ಬರಿದ್ದರು. ಮಹಾರಾಜ ಕಾಲೇಜಿನಲ್ಲಿ ಓದಿ, ಕಾಫಿ ಹೌಸಿನಲ್ಲಿ ಗೋಪಾಲಕೃಷ್ಣ ಅಡಿಗರ ಜೊತೆ ಗಂಟೆಗಟ್ಟಲೆ ಕೂತು ಸಾಹಿತ್ಯ ಚರ್ಚಿಸಿ, ಕಾಮನ್‌ವೆಲ್ತ್ ವಿದ್ಯಾರ್ಥಿವೇತನ ಪಡೆದು 1963ರಲ್ಲಿ ಬರ್ಮಿಂಗ್‌ಹ್ಯಾಮಿಗೆ ಹೋದ ಯು.ಆರ್. ಅನಂತಮೂರ್ತಿ. ಅವರ ಸಂಶೋಧನೆಯ ವಿಷಯ 1930ರ ದಶಕದ ಇಂಗ್ಲಿಷ್ ಕಾದಂಬರಿ ಮತ್ತು ರಾಜಕೀಯ. ಬರ್ಗ್‌ಮನ್‌ಗೂ ಅದಕ್ಕೂ ಏನೇನೂ ಸಂಬಂಧವಿಲ್ಲ. ಅಧ್ಯಾಪಕರೂ ಕಾದಂಬರಿಕಾರರೂ ಆಗಿದ್ದ ಮಾಲ್ಕಂ ಬ್ರಾಡ್‌ಬರಿ ಅವರ ಜೊತೆ ಈ ಚಿತ್ರ ನೋಡಿದ್ದನ್ನು ಅನಂತಮೂರ್ತಿಯವರು ಮುಂದೆ ಎಷ್ಟೋ ಕಡೆ ಹೇಳಿಕೊಂಡಿದ್ದಾರೆ. ಪ್ರತಿಯಲ್ಲಿ ಅಡಿಬರಹ ಇರಲಿಲ್ಲ. ಚಿತ್ರ ಮುಗಿದ ಮೇಲೆ ಅವರು ಬ್ರಾಡ್‌ಬರಿಗೆ ಹೇಳಿದ್ದು ಹೆಚ್ಚುಕಡಿಮೆ ಇದು: ಮಧ್ಯಯುಗವನ್ನು ಯುರೋಪಿನವರು ಪುಸ್ತಕ ಓದಿ ಕಲ್ಪಿಸಿಕೊಳ್ಳಬೇಕು, ನನಗೆ ಅದು ಬಾಲ್ಯದಲ್ಲಿ ಕಂಡುಂಡದ್ದು. ಹಾಗಾದರೆ ಅದನ್ನೇ ಬರೆ ಎಂದರು ಬ್ರಾಡ್‌ಬರಿ. ‘ಸಂಸ್ಕಾರ’ ಕಾದಂಬರಿ ಬರೆದದ್ದು ಬರ್ಮಿಂಗ್‌ಹ್ಯಾಮಿನಲ್ಲಿ, 1965ರಲ್ಲಿ.

ಓದಲು ಹೊರದೇಶಕ್ಕೆ ಹೊರಡುವ ನಮ್ಮ ಊರಿನ ಮಕ್ಕಳು ಅಲ್ಲಿ ಏನೇನು ನೋಡಬೇಕೆಂದು ಕೇಳಿದಾಗಲೆಲ್ಲ ನನಗೆ ನೆನಪಾಗುವುದು ಈ ಪ್ರಸಂಗವೇ. ವಾರಾಂತ್ಯಕ್ಕೊಂದು ದೇಶ, ದಿನಕ್ಕೆರಡು ವಸ್ತುಸಂಗ್ರಹಾಲಯ ಎಂದು ಅವರು ಪಟ್ಟಿ ಮಾಡಿಕೊಂಡಿರುತ್ತಾರೆ. ಬೇಡವೆನ್ನಲು ನನಗೆ ಮನಸ್ಸಿಲ್ಲ, ಆ ವಯಸ್ಸಿನ ಹಸಿವೇ ಹಾಗೆ. ಆದರೆ ಒಂದೇ ಒಂದು ಕೃತಿಯೆದುರು ನಮ್ಮ ಊರಿನ ನೆನಪುಗಳನ್ನೆಲ್ಲ ಹೊತ್ತುಕೊಂಡು ಕೂರುವುದಿದೆಯಲ್ಲ, ಅದಕ್ಕೆ ಸಮನಾದ ಪ್ರವಾಸ ಇನ್ನೊಂದಿಲ್ಲವೆಂದು ನಾನು ನಂಬಿದ್ದೇನೆ.

ಬರ್ಗ್‌ಮನ್ ಈ ಚಿತ್ರವನ್ನು ಕಂಡುಕೊಂಡದ್ದೂ ಹೀಗೆ ಕೂತು ನೋಡಿಯೇ. ತಂದೆ ಪಾದ್ರಿ. ಹಳ್ಳಿಯ ಚರ್ಚುಗಳಿಗೆ ಉಪದೇಶಕ್ಕೆ ಹೋಗುವಾಗ ಹುಡುಗನನ್ನೂ ಕರೆದೊಯ್ಯುತ್ತಿದ್ದರು. ಅಪ್ಪ ಉಪದೇಶ ಮಾಡುತ್ತಿದ್ದರೆ ಮಗನ ಕಣ್ಣು ಗೋಡೆ ಮತ್ತು ಕಮಾನುಗಳ ಮೇಲಿನ ಹಳೆಯ ಚಿತ್ರಗಳ ಮೇಲೆ. ಸ್ಟಾಕ್‌ಹೋಮಿನ ಉತ್ತರಕ್ಕಿರುವ ಟ್ಯಾಬಿ ಚರ್ಚಿನಲ್ಲಿ 15ನೇ ಶತಮಾನದ ಚಿತ್ರಕಾರ ಆಲ್ಬರ್ಟಸ್ ಪಿಕ್ಟರ್ ಬರೆದ ಚಿತ್ರವೊಂದಿದೆ: ಮನುಷ್ಯನ ಜೊತೆ ಸಾವು ಚದುರಂಗ ಆಡುತ್ತಿದೆ. ಅದೇ ಗುನ್ನಾರ್ ಫಿಷರ್‌ನ ಕ್ಯಾಮೆರಾದಲ್ಲಿ ಜೀವ ತಳೆದು 1957ರಲ್ಲಿ ತೆರೆಗೆ ಬಂತು. ಕೊನೆಗೆ ಬೆಟ್ಟದ ನೆತ್ತಿಯಲ್ಲಿ ಆಕಾಶಕ್ಕೆ ಕಪ್ಪಾಗಿ ಕಾಣುವ ಸಾವಿನ ಕುಣಿತವನ್ನು ನೋಡಿ. ಅಂದಿನ ಕೆಲಸ ಮುಗಿದು ಕೆಲವು ನಟರು ಹೊರಟುಹೋಗಿದ್ದರು. ಆಗ ವಿಚಿತ್ರವಾದ ಮೋಡ ಕವಿಯಿತು. ಬರ್ಗ್‌ಮನ್ ತಂತ್ರಜ್ಞರಿಗೂ ಅಲ್ಲಿದ್ದ ಪ್ರವಾಸಿಗರಿಗೂ ವೇಷ ತೊಡಿಸಿ, ಸಾಲಾಗಿ ನಿಲ್ಲಿಸಿ ಆ ದೃಶ್ಯ ಸೆರೆಹಿಡಿದ.

‘ಸಂಸ್ಕಾರ’ ಇದರ ನಕಲಲ್ಲ. ಎರಡರಲ್ಲೂ ಮಾರಿಯಂತೆ ರೋಗ ಬಂದಿದೆ, ದೇವರು ಬಾಯಿ ಬಿಡುವುದಿಲ್ಲ. ಆದರೆ ಯೋಧ ಆಂಟೋನಿಯಸ್ ಬ್ಲಾಕ್‌ನದು ದೇವರು ಇದ್ದಾನೆಯೇ ಎಂಬ ಪ್ರಶ್ನೆ. ಮಾರುತಿಯ ಗುಡಿಯಲ್ಲಿ ಹೂವಿನ ಪ್ರಸಾದಕ್ಕಾಗಿ ದಿನವಿಡೀ ಕಾದ, ಅಗ್ರಹಾರದ ಗುರು ಪ್ರಾಣೇಶಾಚಾರ್ಯರದು ಬೇರೆ: ಆಚಾರ ಮುರಿದು ಬಾಳಿ ಸತ್ತ ನಾರಣಪ್ಪನ ಹೆಣ ಸುಡುವವರು ಯಾರು? ಆ ಪ್ರಶ್ನೆಯಲ್ಲಿ ಜಾತಿಯಿದೆ, ಹಸಿವಿದೆ, ಅವನ ಸಂಗಾತಿ ಚಂದ್ರಿಯ ಚಿನ್ನದ ಮೇಲಿನ ಆಸೆಯಿದೆ, ಹೆಣ ನಾರುವ ವಾಸನೆಯಿದೆ. ನನ್ನ ಮಟ್ಟಿಗೆ ಕನ್ನಡದ ಪ್ರಶ್ನೆಯೇ ಹೆಚ್ಚು ಕಠಿಣ, ಯಾಕೆಂದರೆ ಅದು ಆಕಾಶ ನೋಡಲು ಬಿಡದೆ ನಮ್ಮನ್ನು ಅಗ್ರಹಾರದ ಬೀದಿಯಲ್ಲೇ ನಿಲ್ಲಿಸುತ್ತದೆ. ಆಚಾರ್ಯರು ಕಡೆಗೆ ದಾರಿಯಲ್ಲಿ ಸಿಕ್ಕ ಪುಟ್ಟನ ಜೊತೆ ಅಲೆಯುವ ರಥೋತ್ಸವ, ಕೋಳಿ ಅಂಕ, ಜನಜಂಗುಳಿ ಎಲ್ಲ ಇರುವುದು ಮೇಳಿಗೆಯಲ್ಲಿ. ಅದು ತೀರ್ಥಹಳ್ಳಿ ತಾಲ್ಲೂಕಿನಲ್ಲಿ ಅನಂತಮೂರ್ತಿಯವರು ಹುಟ್ಟಿದ ಊರು. ಇಂಗ್ಲೆಂಡಿನ ಚಳಿಯಲ್ಲಿ ಕೂತವರಿಗೆ ಆ ಜಾತ್ರೆ ಎಷ್ಟು ಸ್ಪಷ್ಟವಾಗಿ ಕಂಡಿದೆ ಎಂದರೆ, ಅದರ ಗದ್ದಲ ಪುಟದಿಂದಲೇ ಕೇಳುತ್ತದೆ.

1970ರಲ್ಲಿ ಪಟ್ಟಾಭಿರಾಮ ರೆಡ್ಡಿ ಕಾದಂಬರಿಯನ್ನು ಸಿನಿಮಾ ಮಾಡಿದಾಗ ನೋಟ ತಿರುವುಮುರುವಾಯಿತು. ಕ್ಯಾಮೆರಾ ಹಿಡಿದವರು ಆಸ್ಟ್ರೇಲಿಯಾದ ಟಾಮ್ ಕೋವನ್. ಮಲೆನಾಡಿನ ಮಾತು ಅವರದಲ್ಲ. ಬರ್ಮಿಂಗ್‌ಹ್ಯಾಮಿನಲ್ಲಿ ನಮ್ಮವರು ಹೇಗೆ ನೋಡಿದರೋ ಇವರು ಇಲ್ಲಿ ಹಾಗೆಯೇ ನೋಡಿದರು, ಮೊದಲು ಮುಖಗಳನ್ನು, ಜಗಲಿಯ ನೆರಳನ್ನು, ಮನೆಯೊಳಗಿನ ಕತ್ತಲನ್ನು. ಗಿರೀಶ ಕಾರ್ನಾಡರ ಪ್ರಾಣೇಶಾಚಾರ್ಯ, ಸ್ನೇಹಲತಾ ರೆಡ್ಡಿಯವರ ಚಂದ್ರಿ, ಲಂಕೇಶರ ನಾರಣಪ್ಪ ಎಲ್ಲರಿಗೂ ಗೊತ್ತು. ಸಂಗೀತವನ್ನು ಮಾತ್ರ ಜನ ಮರೆಯುತ್ತಾರೆ. ಅದು ಸರೋದ್ ವಾದಕ ರಾಜೀವ ತಾರಾನಾಥರದು. ಕೊನೆಯ ವರ್ಷಗಳನ್ನು ನಮ್ಮ ಮೈಸೂರಿನಲ್ಲೇ ಕಳೆದು 2024ರಲ್ಲಿ ತೀರಿಕೊಂಡ ಆ ಹಿರಿಯರು ಈ ಚಿತ್ರದಲ್ಲಿ ಮೌನಕ್ಕೆ ಎಷ್ಟು ಜಾಗ ಬಿಟ್ಟಿದ್ದಾರೆಂದು ಕಿವಿಗೊಟ್ಟು ಗಮನಿಸಿ. ಮೊದಲು ಸೆನ್ಸಾರ್ ತಡೆದಿದ್ದ ಚಿತ್ರಕ್ಕೆ ಆಮೇಲೆ ದೇಶದ ಅತ್ಯುತ್ತಮ ಚಿತ್ರವೆಂಬ ರಾಷ್ಟ್ರಪ್ರಶಸ್ತಿ ಬಂತು.

ಕಾದಂಬರಿಯನ್ನು 1976ರಲ್ಲಿ ಇಂಗ್ಲಿಷಿಗೆ ತಂದವರೂ ಮಹಾರಾಜ ಕಾಲೇಜಿನ ಹಳೆಯ ವಿದ್ಯಾರ್ಥಿ, ಮೈಸೂರಿನಲ್ಲೇ ಹುಟ್ಟಿದ ಎ.ಕೆ. ರಾಮಾನುಜನ್. ಅವರೂ ಓದಲೆಂದೇ ಅಮೆರಿಕಕ್ಕೆ ಹೋದವರು. 1962ರಲ್ಲಿ ಷಿಕಾಗೋ ವಿಶ್ವವಿದ್ಯಾಲಯದ ಗ್ರಂಥಾಲಯದ ನೆಲಮಾಳಿಗೆಯಲ್ಲಿ ಹಳೆಯ ತಮಿಳು ವ್ಯಾಕರಣಕ್ಕಾಗಿ ತಡಕಾಡುವಾಗ ಸಂಗಂ ಕಾವ್ಯದ ‘ಕುರುಂತೊಗೈ’ ಅವರ ಕೈಗೆ ಸಿಕ್ಕಿತು. ಮನೆಮಾತು ತಮಿಳಾಗಿದ್ದೂ ಆ ಕಾವ್ಯದ ನಿಜವಾದ ಪರಿಚಯ ಅವರಿಗಾದದ್ದು ಅಲ್ಲಿ.

ಈ ವರ್ಷ ಸ್ವೀಡನ್ನಿಗೆ ಓದಲು ಹೋಗುವವರಿದ್ದರೆ ಟ್ಯಾಬಿ ಸ್ಟಾಕ್‌ಹೋಮಿಗೆ ಹತ್ತಿರ. ಚಿತ್ರಗಳು ಚರ್ಚಿನ ಒಳಗೆ ಮೇಲ್ಭಾಗದಲ್ಲಿವೆ, ಕತ್ತೆತ್ತಿ ನೋಡಬೇಕು, ಕಣ್ಣು ಮಬ್ಬಿಗೆ ಒಗ್ಗುವ ತನಕ ಕಾಯಬೇಕು. ಹೋಗುವ ಮುಂಚೆ ‘ಸಂಸ್ಕಾರ’ ಓದಿಕೊಂಡಿರಿ.